ಒಂದು ಪೆನ್ನು ಕಡೆಯಲು ಎಷ್ಟು ಕೂಲಿ?

‘ಒಂದಕ್ಕೆ ಎಷ್ಟು ಹಾಕ್ತೀರಿ ಭಾಯ್?’

‘ನೀವೇ ನೋಡ್ಕೊಂಡು ಕೊಡಿ ಸಾರ್.’

ಚನ್ನಪಟ್ಟಣದ ಕಡೆತದ ಮನೆಗಳಿಗೆ ಹೊಸ ಆರ್ಡರ್ ಹಿಡಿದು ಬಂದವರು ಈ ಉತ್ತರವನ್ನು ಕೇಳಿಯೇ ಇರುತ್ತಾರೆ. ಕೇಳಲು ಸೌಜನ್ಯದ ಮಾತು. ಆದರೆ ಆ ಮನೆಯ ತಿಂಗಳ ಲೆಕ್ಕ ತಪ್ಪುವುದು ಇಲ್ಲಿಂದಲೇ. ‘ನೋಡ್ಕೊಂಡು ಕೊಡಿ’ ಎಂದಾಗ ಆರ್ಡರ್ ತಂದವರು ನೋಡುವುದು ಅಂಗಡಿಯ ಬೆಲೆಯನ್ನು. ಪೆನ್ನು ಇಷ್ಟಕ್ಕೆ ಮಾರಬೇಕು, ಅದರಲ್ಲಿ ಅಂಗಡಿಯವರಿಗಿಷ್ಟು, ಡಬ್ಬಿಗಿಷ್ಟು, ಹೆಸರು ಕೆತ್ತುವ ಲೇಸರ್ ಯಂತ್ರದವರಿಗಿಷ್ಟು, ತಮಗಿಷ್ಟು ಎಂದು ಮೇಲಿನಿಂದ ಕಳೆಯುತ್ತಾ ಬರುತ್ತಾರೆ. ತಳದಲ್ಲಿ ಉಳಿದದ್ದು ಕಡೆದವನ ಕೂಲಿ. ಆ ಪೆನ್ನಿಗೆ ಅವನ ದಿನದಲ್ಲಿ ಎಷ್ಟು ಹೊತ್ತು ಹೋಯಿತು ಎಂಬ ಪ್ರಶ್ನೆ ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ.

ಚನ್ನಪಟ್ಟಣದ ಹೆಸರು ಬೊಂಬೆಗಳಿಂದ ಬಂದದ್ದಾದರೂ ಅಲ್ಲಿನ ಲೇತುಗಳ ಮೇಲೆ ಬಳೆ, ಕೀ ಚೈನು, ಕುಂಕುಮದ ಭರಣಿ, ಪೆನ್ನು, ಪೆನ್‌ಸ್ಟ್ಯಾಂಡ್ ಎಲ್ಲವೂ ತಯಾರಾಗುತ್ತವೆ. ಹಾಲೆ ಮರದ ಬಿಳಿಯ, ಮೆತ್ತನೆಯ, ನಯವಾದ ಕಟ್ಟಿಗೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಾಟದ ಶಾಖಕ್ಕೆ ಅರಗು ಕರಗಿ ಮೈಗೆ ಅಂಟುತ್ತದೆ. ಆಮೇಲೆ ಕೇದಗೆಯ ಗರಿಯಿಂದ ತಿಕ್ಕಿದರೆ ಹೊಳಪು ಬರುತ್ತದೆ. 2005–06ರಲ್ಲಿ ಈ ಊರಿನ ಬೊಂಬೆಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಬೇರೆ ಊರಿನ ಮಾಲನ್ನು ಚನ್ನಪಟ್ಟಣದ್ದೆಂದು ಮಾರದಂತೆ ಆ ಮಾನ್ಯತೆ ತಡೆಯಬಲ್ಲದು. ಅದೇ ಊರಿನಲ್ಲಿ ಕಡೆಯುವವನಿಗೆ ಪೀಸಿಗೆ ಎಷ್ಟು ಸಿಗಬೇಕೆಂಬುದನ್ನು ಅದು ಮುಟ್ಟುವುದಿಲ್ಲ. ಹೆಸರಿಗೆ ಕಾನೂನಿನ ಬೇಲಿಯಿದೆ. ಕೂಲಿಗೂ ಅಂಥದೊಂದು ಬೇಲಿ ಬೇಕೆಂಬುದು ಈ ಬರಹದ ವಾದ.

ಪೆನ್ನನ್ನೇ ಉದಾಹರಣೆಗೆ ತೆಗೆದುಕೊಳ್ಳಲು ಕಾರಣವಿದೆ. ಅದು ಸಣ್ಣ ವಸ್ತು, ಆದರೆ ಕೆಲಸ ಸಣ್ಣದಲ್ಲ. ದೀಪಾವಳಿ ಹತ್ತಿರ ಬಂದಾಗ ಕಂಪನಿಗಳು ಉಡುಗೊರೆಗೆಂದು ಒಟ್ಟಿಗೆ ನೂರಾರು ಮರದ ಪೆನ್ನು ಕೇಳುತ್ತವೆ. ನೋಡುವವರ ಕಣ್ಣಿಗೆ ಅದು ಒಂದು ಗೇಣುದ್ದದ ಕಡ್ಡಿ. ಕಡೆಯುವವನಿಗೆ ಅದು ಎಂಟು ಹತ್ತು ಹಂತದ ಕೆಲಸ. ಒಣಗಿದ ಕಟ್ಟಿಗೆಯನ್ನು ಚೌಕದ ತುಂಡುಗಳಾಗಿ ಕೊಯ್ಯಬೇಕು. ನಟ್ಟ ನಡುವೆ, ಒಂದು ಕಡೆಗೂ ವಾಲದಂತೆ, ಉದ್ದಕ್ಕೆ ತೂತು ಕೊರೆಯಬೇಕು. ಸಾಮಾನ್ಯ ತೆಳು ಪೆನ್ನಿಗಾದರೆ ಅದು 7 ಮಿಲಿಮೀಟರ್ ತೂತು. ಬೈರಿಗೆ ಬಿಸಿಯಾದರೆ ಮರ ಸೀಳುತ್ತದೆ, ಆದ್ದರಿಂದ ನಡುನಡುವೆ ಹೊರಗೆಳೆದು ಹೊಟ್ಟು ತೆಗೆಯಬೇಕು. ತೂತಿನೊಳಗೆ ಹಿತ್ತಾಳೆಯ ಕೊಳವೆಗೆ ಅಂಟು ಬಳಿದು ಕೂರಿಸಿ ಒಣಗಲು ಬಿಡಬೇಕು. ಎರಡೂ ತುದಿಯನ್ನು ಕೊಳವೆಯ ಮಟ್ಟಕ್ಕೆ ಸಮ ಮಾಡಬೇಕು. ಕೂದಲೆಳೆಯಷ್ಟು ಓರೆಯಾದರೂ ಆಮೇಲೆ ಲೋಹದ ಉಂಗುರ ಮತ್ತು ಮರದ ನಡುವೆ ಸಂದು ಕಾಣಿಸುತ್ತದೆ. ಅನಂತರವೇ ಲೇತು, ಉಳಿ. ಮೈ ತೆಳುವಾಗುತ್ತಾ ಬಂದಂತೆ ಕೈ ಹಗುರಾಗಬೇಕು, ಏಕೆಂದರೆ ಕೊನೆಗೆ ಕೊಳವೆಯ ಮೇಲೆ ಉಳಿಯುವುದು ಒಂದೆರಡು ಮಿಲಿಮೀಟರ್ ಮರ ಮಾತ್ರ. ಆಮೇಲೆ ಒರಟಿನಿಂದ ನಯದವರೆಗೆ ಮೂರು ನಾಲ್ಕು ಬಗೆಯ ಉಪ್ಪು ಕಾಗದ, ಅರಗು ಅಥವಾ ಬೇರೆ ಪಾಲಿಶು, ಕೊನೆಗೆ ತುದಿ, ಕ್ಲಿಪ್ಪು, ತಿರುಗಿಸುವ ಯಂತ್ರಾಂಗವನ್ನು ಒತ್ತಿ ಕೂರಿಸುವುದು. ಆ ಕೊನೆಯ ಒತ್ತಿನಲ್ಲಿ ಮರ ಬಿರುಕು ಬಿಟ್ಟರೆ ಅದುವರೆಗಿನ ಶ್ರಮವೆಲ್ಲ ಹೊಟ್ಟಿನ ಗುಡ್ಡೆಗೆ.

ಆರ್ಡರ್ ಕೊಡುವವರು ಕೆಲಸದ ಹೊತ್ತು ಎಂದಾಗ ಲೇತಿನ ಮೇಲೆ ಮರ ತಿರುಗುವ ಹೊತ್ತನ್ನಷ್ಟೇ ಎಣಿಸುತ್ತಾರೆ. ‘ಐದು ನಿಮಿಷದ ಕೆಲಸಾನಪ್ಪ, ನಾನೇ ನೋಡಿದೀನಿ’ ಎಂಬ ಮಾತು ಹುಟ್ಟುವುದು ಹಾಗೆ. ಉಳಿಗೆ ಸಾಣೆ ಹಿಡಿಯುವುದು, ಕಟ್ಟಿಗೆ ಆರಿಸುವುದು, ಹೊಟ್ಟು ಗುಡಿಸುವುದು, ಕರೆಂಟು ಹೋದಾಗ ಕೈಕಟ್ಟಿ ಕೂರುವುದು, ಮಾಲು ಎಣಿಸಿ ಕಟ್ಟಿ ತಲುಪಿಸುವುದು ಇವೆಲ್ಲ ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಲೆಕ್ಕದ ದಾರಿ ತೋರಿಸಲು ಹಿಡಿದವು. ಊರು, ಮರ, ಪೆನ್ನಿನ ಮಾದರಿಗೆ ತಕ್ಕಂತೆ ಬದಲಾಗುತ್ತವೆ. ದಿನಕ್ಕೆ ಎಂಟು ಗಂಟೆ, ಅಂದರೆ 480 ನಿಮಿಷ. ಸಾಣೆ, ಗುಡಿಸಾಟ, ಸಾಗಾಟ, ಟೀ, ಬೆನ್ನು ನೆಟ್ಟಗೆ ಮಾಡಿಕೊಳ್ಳುವುದು ಎಲ್ಲ ಸೇರಿ 90 ನಿಮಿಷ ಕಳೆಯಿರಿ. ಉಳಿದದ್ದು 390. ಐವತ್ತು ಪೆನ್ನನ್ನು ಒಟ್ಟಿಗೆ ಕೊಯ್ದು, ಒಟ್ಟಿಗೆ ಕೊರೆದು, ಒಟ್ಟಿಗೆ ಅಂಟಿಸಿದಾಗ ಮೊದಲಿನಿಂದ ಕೊನೆಯವರೆಗೆ ಒಂದಕ್ಕೆ ಸರಾಸರಿ 20 ನಿಮಿಷ ಬಂತೆನ್ನಿ. ದಿನಕ್ಕೆ 19 ಪೆನ್ನು. ಪೀಸಿಗೆ 20 ರೂಪಾಯಿ ಎಂದು ಒಪ್ಪಿಕೊಂಡವನಿಗೆ ಬಿದ್ದದ್ದು 380 ರೂಪಾಯಿ, ಅದರಲ್ಲೇ ಕರೆಂಟು, ಅಂಟು, ಕಾಗದ. ಈಗ ತಿರುಗಿಸಿ ಲೆಕ್ಕ ಹಾಕಿ. ಕಸುಬು ಬಲ್ಲ ಒಬ್ಬನ ಕೈಗೆ ದಿನಕ್ಕೆ 900 ರೂಪಾಯಿಯಾದರೂ ಸೇರಬೇಕು ಎಂದುಕೊಂಡರೆ ಪೆನ್ನಿಗೆ 47. ಉಪ್ಪು ಕಾಗದ, ಅಂಟು, ಅರಗು, ಕರೆಂಟಿಗೆ 6. ಲೇತು, ಮೋಟರು, ಬೈರಿಗೆ, ಉಳಿಯ ಸವೆತಕ್ಕೆ 4. ಮೊತ್ತ 57. ನೂರರಲ್ಲಿ ಐದು ಕೆಡುತ್ತವೆಂದು ಹಿಡಿದರೆ 60 ರೂಪಾಯಿ.

ಇಪ್ಪತ್ತಕ್ಕೂ ಅರವತ್ತಕ್ಕೂ ನಡುವಿನ ನಲವತ್ತು ರೂಪಾಯಿ ಯಾರ ಜೇಬಿನಿಂದ ಬರಬೇಕು ಎಂದು ವ್ಯಾಪಾರಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಡಬ್ಬಿ, ಹೆಸರು ಸಮೇತ 400 ರೂಪಾಯಿಗೆ ಮಾರುವ ಪೆನ್ನಾದರೆ ಈ ನಲವತ್ತು ಅದರ ಹತ್ತರಲ್ಲೊಂದು ಪಾಲು. ಉಡುಗೊರೆ ಕೊಳ್ಳುವ ಕಂಪನಿಗೆ ಅದು ಹೊರೆಯಾಗುವುದಿಲ್ಲ. ಹೊರೆಯಾಗುವುದು ಲಾಭವನ್ನು ಶೇಕಡಾ ಲೆಕ್ಕದಲ್ಲಿ ಹಾಕಿದಾಗ. ಮಧ್ಯದವರೊಬ್ಬರು ಶೇ 50, ಅಂಗಡಿಯವರು ಅದರ ಮೇಲೆ ಮತ್ತೆ ಶೇ 50 ಸೇರಿಸಿದರೆ ಕೂಲಿಯಲ್ಲಿ ಏರಿದ ನಲವತ್ತು ಬೆಲೆಯಲ್ಲಿ ತೊಂಬತ್ತಾಗುತ್ತದೆ. ಆಗ ಮಾಲು ದುಬಾರಿಯಾಯಿತು, ಕೂಲಿ ಏರಿಸಿದ್ದೇ ತಪ್ಪಾಯಿತು ಎಂಬ ಮಾತು ಬರುತ್ತದೆ. ತೊಂಬತ್ತರಲ್ಲಿ ಐವತ್ತು ಕೂಲಿಯಲ್ಲವೇ ಅಲ್ಲ. ಕೂಲಿ ಏರಿದಷ್ಟು ಹಣದ ಮೇಲೆ ಲಾಭ ಕಟ್ಟದೆ ಅದನ್ನು ರೂಪಾಯಿಗೆ ರೂಪಾಯಿಯಾಗಿ ಮುಂದಕ್ಕೆ ದಾಟಿಸುವ ಒಪ್ಪಂದ ಆಗಬೇಕು. ಮನಸ್ಸಿದ್ದರೆ ಇದು ನಾಳೆಯಿಂದಲೇ ಆಗುವ ಕೆಲಸ.

ದಿನದ ಬದುಕಿನಿಂದ ಹೊರಟು ಪೀಸಿನ ದರಕ್ಕೆ ಬರುವ ಈ ಕ್ರಮ ಹೊಸದಲ್ಲ. ಕುತೂಹಲದ ವಿಷಯವೆಂದರೆ ಪೆನ್ನಿನ ಚರಿತ್ರೆ ಮತ್ತು ಕೂಲಿಯ ಚರಿತ್ರೆ 1935ರಲ್ಲಿ ವಾರ್ಧಾದಲ್ಲಿ ಒಂದಕ್ಕೊಂದು ಹತ್ತಿರ ಬಂದಿದ್ದವು. ರಾಜಮಹೇಂದ್ರಿಯ ಕೆ.ವಿ. ರತ್ನಂ ಸ್ವದೇಶಿ ಪೆನ್ನು ಮಾಡಿ ಗಾಂಧೀಜಿಗೆ ತಲುಪಿಸಿದ್ದರು. ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಕೋಲನ್ನು ಲೇತಿನ ಮೇಲೆ ಕೈಯಲ್ಲೇ ಕಡೆದು ಮಾಡುವ ಕಸುಬು ಅಲ್ಲಿನದು. ಆ ಪೆನ್ನು ವಿದೇಶಿ ಪೆನ್ನಿಗೆ ತಕ್ಕ ಬದಲಿಯಾಗಿದೆ ಎಂದು ಗಾಂಧೀಜಿ ವಾರ್ಧಾದಿಂದ ಮೆಚ್ಚಿ ಬರೆದದ್ದು 1935ರ ಜುಲೈನಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ ಅಖಿಲ ಭಾರತ ಚರಕಾ ಸಂಘವು ನೂಲುವವರ ಕೂಲಿಯ ಬಗ್ಗೆ ನಿರ್ಣಯ ಮಾಡಿತು. ಅದುವರೆಗೆ ಖಾದಿ ಅಗ್ಗವಾಗಿ ಬಿಕರಿಯಾಗಲಿ ಎಂದು ನೂಲಿನ ದರವನ್ನು ಕೆಳಗೆ ಹಿಡಿಯಲಾಗುತ್ತಿತ್ತು. ಇನ್ನು ಮುಂದೆ ಎಂಟು ಗಂಟೆಯ ದಕ್ಷ ದುಡಿಮೆಗೆ ಹೊಟ್ಟೆ ತುಂಬ ಊಟ, ಮೈಗೆ ಬಟ್ಟೆ ದಕ್ಕುವಷ್ಟು ಕೂಲಿ ಸಿಗಬೇಕು, ನೂಲಿನ ದರವನ್ನು ಆ ಲೆಕ್ಕದಿಂದ ಕಟ್ಟಬೇಕು ಎಂದು ಸಂಘ ತೀರ್ಮಾನಿಸಿತು. ದಿನಕ್ಕೆ ಎಂಟಾಣೆ ಸಿಗಬೇಕೆಂಬ ಗಾಂಧೀಜಿಯ ಆಸೆಗಿಂತ ಬಹಳ ಕೆಳಗಿನಿಂದಲೇ ಕೂಲಿ ಶುರುವಾಯಿತು. ಖಾದಿಯ ಬೆಲೆ ಏರುತ್ತದೆ, ಕೊಳ್ಳುವವರು ದೂರವಾಗುತ್ತಾರೆ ಎಂದು ಖಾದಿ ಕೆಲಸದಲ್ಲಿದ್ದವರೇ ಆತಂಕಪಟ್ಟರು. ಆದರೂ ನೂಲುವವಳ ಹೊಟ್ಟೆಯ ಲೆಕ್ಕ ಮೊದಲು, ಬಟ್ಟೆಯ ಬೆಲೆಯ ಲೆಕ್ಕ ಆಮೇಲೆ ಎಂಬ ಕ್ರಮ ನಿಂತಿತು. ಕೈಯಿಂದ ಮಾಡಿದ್ದು ಎಂಬ ಹೆಮ್ಮೆಯಲ್ಲಿ ಇಂದು ಪೆನ್ನು, ಬೊಂಬೆ ಮಾರುವ ಪ್ರತಿಯೊಬ್ಬರೂ ಈ ನಿರ್ಣಯವನ್ನು ಓದಬೇಕೆಂದು ನನಗನಿಸುತ್ತದೆ.

ಪೀಸ್ ಲೆಕ್ಕದ ಇನ್ನೊಂದು ಕಾಯಿಲೆಯೂ ಲೇತಿನ ಮೇಲೆಯೇ ಪತ್ತೆಯಾದದ್ದು. ಕಾರ್ಖಾನೆಗಳಲ್ಲಿ ಗಡಿಯಾರ ಹಿಡಿದು ಕೆಲಸದ ವೇಳೆ ಅಳೆಯುವ ಪದ್ಧತಿಯನ್ನು ಬೆಳೆಸಿದ ಫ್ರೆಡರಿಕ್ ಟೇಲರ್ ಅಮೆರಿಕದ ಫಿಲಡೆಲ್ಫಿಯಾದ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯಲ್ಲಿ ಮೊದಲು ಲೇತ್ ನಡೆಸುವವನಾಗಿದ್ದ. ಜೊತೆಗಾರರು ಬೇಕೆಂದೇ ನಿಧಾನವಾಗಿ ಕೆಲಸ ಮಾಡುವುದನ್ನು ಆತ ಕಂಡ. ಕಾರಣ ಸರಳ. ಕೈ ಪಳಗಿ ಹೆಚ್ಚು ಪೀಸು ಹೊರಟರೆ ಮಾಲೀಕರು ಪೀಸಿನ ದರವನ್ನು ಇಳಿಸುತ್ತಿದ್ದರು. ಚುರುಕಾದವನಿಗೆ ಸಿಕ್ಕುವುದು ಅದೇ ಹಣ, ಹೆಚ್ಚು ದಣಿವು. ಟೇಲರ್ ಇದಕ್ಕೆ ಹುಡುಕಿದ ಮದ್ದು ಕಾರ್ಮಿಕರಿಗೆ ಒಳ್ಳೆಯದು ಮಾಡಿತೆಂದು ನಾನು ಒಪ್ಪುವುದಿಲ್ಲ, ಆದರೆ ಆತ ಕಂಡದ್ದು ನಿಜ. ಆದ್ದರಿಂದ ದರ ಕಟ್ಟುವಾಗ ಊರಿನ ಅತಿ ವೇಗದ ಕೈಯನ್ನು ಕೂರಿಸಿ ಅವನ ಒಳ್ಳೆಯ ಒಂದು ಗಂಟೆಯನ್ನು ಅಳೆಯಬಾರದು. ಸಾಧಾರಣ ಕಸುಬುದಾರನ ಇಡೀ ದಿನವನ್ನು ಅಳೆಯಬೇಕು. ಕೈ ಚುರುಕಾದರೆ ಅದರ ಫಲ ಅವನಿಗೇ ಸೇರಬೇಕು. ಒಪ್ಪಿದ ದರವನ್ನು ವರ್ಷದ ನಡುವೆ ಇಳಿಸಬಾರದು, ಏರಿಸುವ ದಿನಾಂಕ ಮಾತ್ರ ಗೊತ್ತಾಗಿರಬೇಕು. ಕರ್ನಾಟಕದಲ್ಲಿ ಕನಿಷ್ಠ ಕೂಲಿಗೆ ಸೇರುವ ತುಟ್ಟಿಭತ್ಯೆ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಪ್ರತಿ ಏಪ್ರಿಲ್ 1ರಿಂದ ಬದಲಾಗುತ್ತದೆ. ಪೆನ್ನಿನ ಪೀಸ್ ದರವೂ ಅದೇ ದಿನ ಅದೇ ಪ್ರಮಾಣದಲ್ಲಿ ಬದಲಾಗಲಿ ಎಂದು ಒಂದು ಸಾಲು ಬರೆದುಕೊಂಡರೆ ವರ್ಷವರ್ಷವೂ ಮುಜುಗರಪಟ್ಟು ಕೇಳುವ ಪ್ರಸಂಗವೇ ಬರುವುದಿಲ್ಲ.

ಕೆಟ್ಟ ಮಾಲಿನ ಮಾತಿಗೆ ಬಂದರೆ ಇಡೀ ವಿಷಯದ ಗಂಟು ಇಲ್ಲಿದೆ. ನೂರು ಪೆನ್ನು ಕೊಟ್ಟರೆ ಹದಿನೈದು ವಾಪಸು ಬರುತ್ತವೆ: ಬಣ್ಣ ಹೊಂದಲಿಲ್ಲ, ಸಂದು ಕಾಣಿಸುತ್ತದೆ, ಬಿರುಕಿದೆ. ಆ ಹದಿನೈದರ ಕೂಲಿ ಹೋಯಿತು. ಮರವನ್ನು ಕೊಟ್ಟವರು ಯಾರು, ಅದು ಹಸಿಯಾಗಿತ್ತೇ ಎಂದು ಯಾರೂ ಕೇಳುವುದಿಲ್ಲ. ಸರಿಯಾಗಿ ಒಣಗದ ಕಟ್ಟಿಗೆ ಕಡೆದ ವಾರದ ಮೇಲೂ ಬಿರಿಯಬಹುದು. ಅದಕ್ಕೆ ಕಡೆದವನು ಹೊಣೆಯಲ್ಲ. ಉಳಿ ಜಾರಿ ಗುಳಿ ಬಿದ್ದರೆ ಅವನು ಹೊಣೆ. ಕಾರಣ ನೋಡಿ ಹೊಣೆ ಹಂಚುವುದು ಕಷ್ಟದ ಕೆಲಸವೇನಲ್ಲ.

ಇದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಮೇಲ್ಪಂಕ್ತಿಯಿದೆ. ದಕ್ಷಿಣ ಕನ್ನಡದ ಮನೆಮನೆಯ ಜಗಲಿಯಲ್ಲಿ ಹೆಂಗಸರು ಕಟ್ಟುವ ಬೀಡಿಗೆ ಸಾವಿರಕ್ಕಿಷ್ಟು ಎಂದು ಸರ್ಕಾರ ಕೂಲಿ ಗೊತ್ತು ಮಾಡುತ್ತದೆ, ಅದಕ್ಕೆ ತುಟ್ಟಿಭತ್ಯೆಯೂ ಸೇರುತ್ತದೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಕಟ್ಟುವವರನ್ನೂ ಕಾರ್ಮಿಕರೆಂದೇ ಕರೆಯಿತು. ಅದರಡಿ ಆಗಿನ ಮೈಸೂರು ರಾಜ್ಯ ಮಾಡಿದ ನಿಯಮಗಳು ಬೀಡಿ ತಳ್ಳಿಹಾಕುವುದಕ್ಕೂ ಮಿತಿ ಹಾಕಿದ್ದವು. ಸಾಮಾನ್ಯವಾಗಿ ನೂರಕ್ಕೆ ಐದಕ್ಕಿಂತ ಹೆಚ್ಚು ತಳ್ಳಿಹಾಕುವಂತಿರಲಿಲ್ಲ; ಕಾರ್ಮಿಕರು ಬೇಕೆಂದೇ ಅಲಕ್ಷ್ಯ ಮಾಡಿ ಕೆಡಿಸಿದ್ದಲ್ಲವಾದರೆ ತಳ್ಳಿಹಾಕಿದ ಬೀಡಿಗೂ ಅರ್ಧ ಕೂಲಿ ಕೊಡಬೇಕಿತ್ತು. ಬೀಡಿ ಉದ್ಯಮಿಗಳು ನ್ಯಾಯಾಲಯಕ್ಕೆ ಹೋದರು. 1974ರಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಎತ್ತಿಹಿಡಿಯಿತು. ಬೀಡಿ ಎಲೆಗೆ ಸಂದ ನ್ಯಾಯ ಹಾಲೆ ಮರಕ್ಕೆ ಏಕೆ ಸಲ್ಲಬಾರದು? ಬೀಡಿ ಕಟ್ಟುವವರು ಲಕ್ಷಾಂತರ ಜನ, ಅವರ ಹಿಂದೆ ಸಂಘಟನೆ ಇತ್ತು, ಹೋರಾಟ ಇತ್ತು. ಕಡೆಯುವವರು ಕಡಿಮೆ ಮಂದಿ. ನನಗೆ ಕಾಣುವ ವ್ಯತ್ಯಾಸ ಅಷ್ಟೇ.

ಕಾನೂನಿನ ಕಣ್ಣಿಗೆ ಕಡೆಯುವವನು ಕಾರ್ಮಿಕನೇ, ಪುಟ್ಟ ಉದ್ಯಮಿಯೇ ಎಂಬ ಪ್ರಶ್ನೆಯಲ್ಲಿ ಎರಡೂ ಕಡೆಯಿಂದ ಅವನಿಗೆ ನಷ್ಟವಾಗುತ್ತಿದೆ. ಕೂಲಿ ಕೇಳಿದರೆ ‘ನೀನು ಸ್ವಂತ ಲೇತ್ ಇಟ್ಟವನು, ನೌಕರನಲ್ಲ’ ಎನ್ನುತ್ತಾರೆ. ಬೆಲೆ ಕೇಳಿದರೆ ‘ಕೂಲಿಗೆ ಕಡೆಯುವವನಿಗೇಕೆ ಲಾಭ’ ಎನ್ನುತ್ತಾರೆ. 1948ರ ಕನಿಷ್ಠ ವೇತನ ಕಾಯ್ದೆ ಈ ಬಗ್ಗೆ ಸ್ಪಷ್ಟವಾಗಿತ್ತು. ಬೇರೊಬ್ಬರ ವ್ಯಾಪಾರಕ್ಕಾಗಿ ಅವರು ಕೊಟ್ಟ ಸಾಮಗ್ರಿಯಿಂದ ಮನೆಯಲ್ಲಿ ಕೂತು ಮಾಲು ತಯಾರಿಸಿ ಕೊಡುವವರನ್ನೂ ಅದು ನೌಕರರ ಸಾಲಿಗೆ ಸೇರಿಸಿತ್ತು. 1973ರಲ್ಲಿ ಪೀಸ್ ಲೆಕ್ಕದ ದರ್ಜಿಗಳ ಪ್ರಕರಣವೊಂದು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅಂಗಡಿಯ ಹೊಲಿಗೆ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ ಅವರಿಗೆ ಹೊತ್ತಿಗೆ ಸರಿಯಾಗಿ ಬರಬೇಕೆಂಬ ಕಟ್ಟುಪಾಡಿರಲಿಲ್ಲ. ಆದರೂ ಹೊಲಿದದ್ದನ್ನು ತಳ್ಳಿಹಾಕಿ ಮತ್ತೆ ಹೊಲಿಯಲು ಹೇಳುವ ಹಕ್ಕು ಅಂಗಡಿಯವರಿಗಿದ್ದ ಮೇಲೆ ಆ ದರ್ಜಿಗಳು ನೌಕರರೇ ಎಂದು ನ್ಯಾಯಾಲಯ ಹೇಳಿತು. ತಳ್ಳಿಹಾಕುವ ಅಧಿಕಾರದ ಜೊತೆಗೇ ಕೂಲಿಯ ಹೊಣೆಯೂ ಬರುತ್ತದೆ ಎಂಬುದು ನಾನು ಆ ತೀರ್ಪನ್ನು ಅರ್ಥ ಮಾಡಿಕೊಂಡ ಬಗೆ. 1948ರ ಕಾಯ್ದೆಯ ಜಾಗಕ್ಕೆ ಬಂದಿರುವ 2019ರ ವೇತನ ಸಂಹಿತೆಯಲ್ಲೂ ತುಂಡು ಕೆಲಸಕ್ಕೆ ಕನಿಷ್ಠ ದರ ನಿಗದಿ ಮಾಡಲು ಸರ್ಕಾರಕ್ಕೆ ಅವಕಾಶವಿದೆ.

ಉದ್ಯಮಿ ಎಂದೇ ಕರೆಯುವುದಾದರೆ ಆ ದಾರಿಯಲ್ಲೂ ಹಕ್ಕುಗಳಿವೆ, ಬಳಸಿಕೊಳ್ಳುವವರು ಕಡಿಮೆ. ಉದ್ಯಂ ನೋಂದಣಿ ಮಾಡಿಸಿದ ಅತಿ ಸಣ್ಣ ಘಟಕಕ್ಕೆ 2006ರ ಎಂಎಸ್‌ಎಂಇ ಕಾಯ್ದೆಯಂತೆ ಮಾಲು ಒಪ್ಪಿಕೊಂಡ ಮೇಲೆ ಹೆಚ್ಚೆಂದರೆ 45 ದಿನದೊಳಗೆ ಹಣ ಸಂದಾಯವಾಗಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ದೀಪಾವಳಿಗೆ ಕೊಟ್ಟ ಮಾಲಿನ ದುಡ್ಡಿಗೆ ಯುಗಾದಿಯವರೆಗೆ ಅಲೆಯುವವರಿಗೆ ಇದು ಗೊತ್ತಾಗಬೇಕು. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿಗಳೂ ಬೊಂಬೆ ಮಾಡುವವರೂ ಇದ್ದಾರೆ; 15,000 ರೂಪಾಯಿಯ ಸಲಕರಣೆ ನೆರವು, ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷದವರೆಗೆ ಶೇ 5ರ ಬಡ್ಡಿಯ ಸಾಲ. ಒಳ್ಳೆಯದೇ. ಆದರೆ ಸಾಲದ ಕಂತು ಹುಟ್ಟಬೇಕಾದ್ದು ಪೀಸಿನ ದರದೊಳಗಿನಿಂದ. ದರ 20 ರೂಪಾಯಿಯಲ್ಲೇ ನಿಂತಿದ್ದರೆ ಹೊಸ ಲೇತು ಮನೆಗೆ ಸಾಲವನ್ನಷ್ಟೇ ತರುತ್ತದೆ.

ಲೆಕ್ಕದಲ್ಲಿ ಯಾರೂ ಬರೆಯದ ಇನ್ನೊಂದು ಖರ್ಚು ದೂಳಿನದು. ಮರದ ದೂಳು ಕ್ಯಾನ್ಸರ್ ತರಬಲ್ಲದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ. ಮೂಗಿನ ಮತ್ತು ಅದರ ಸುತ್ತಲಿನ ಗೂಡುಗಳ ಕ್ಯಾನ್ಸರಿನೊಂದಿಗೆ ಅದರ ನಂಟು ಖಚಿತವಾಗಿದೆ. ಪೆನ್ನಿನ ಕೆಲಸದಲ್ಲಿ ಉಪ್ಪು ಕಾಗದದ ಉಜ್ಜಾಟವೇ ಹೆಚ್ಚು, ಅದರಿಂದ ಏಳುವ ದೂಳು ಅತಿ ಸಣ್ಣದು, ಉಸಿರಿನಾಳಕ್ಕೆ ಇಳಿಯುವಂಥದು. ಬೀಟೆಯಂಥ ಮರದ ದೂಳಿಗೆ ಚರ್ಮ ಕೆರೆಯುತ್ತದೆ, ಕಣ್ಣು ಉರಿಯುತ್ತದೆ. ಟವೆಲ್ಲು ಮೂಗಿಗೆ ಸುತ್ತಿಕೊಂಡರೆ ಸಾಲದು. ಒಳ್ಳೆಯ ಮುಖಗವಸು, ದೂಳು ಎಳೆಯುವ ಫ್ಯಾನು ಬೇಕು. ಮನೆಯ ಮುಂದಿನ ಕೋಣೆಯಲ್ಲಿ ಲೇತಿದ್ದರೆ ಮಕ್ಕಳೂ ಅದೇ ಗಾಳಿ ಉಸಿರಾಡುತ್ತಾರೆ. ನನ್ನ 60 ರೂಪಾಯಿಯ ಲೆಕ್ಕದಲ್ಲಿ ಇದು ಸೇರಿಲ್ಲ. ಸೇರಿಸಿದರೆ ಪೆನ್ನಿಗೆ ಇನ್ನೂ ಒಂದೆರಡು ರೂಪಾಯಿ ಏರುತ್ತದೆ, ಏರಲೇಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಕಡೆಯುವವನು ‘ನೋಡ್ಕೊಂಡು ಕೊಡಿ’ ಎನ್ನುವುದನ್ನು ನಿಲ್ಲಿಸುವುದು ಸುಲಭವಲ್ಲ ಎಂಬುದು ನನಗೆ ಗೊತ್ತು. ಅವನು ಅರವತ್ತು ಅಂದರೆ ಪಕ್ಕದ ಬೀದಿಯಲ್ಲಿ ಐವತ್ತಕ್ಕೆ ಒಪ್ಪುವವನು ಸಿಗುತ್ತಾನೆ, ಅವನಿಗೆ ಮನೆಯಲ್ಲಿ ಇನ್ನೂ ಹೆಚ್ಚಿನ ತೊಂದರೆ ಇರುತ್ತದೆ. ಒಬ್ಬೊಬ್ಬರೇ ನಿಂತು ಈ ದರವನ್ನು ಹಿಡಿಯಲಾಗದು. ಹತ್ತು ಮನೆಯವರು ಸೇರಿ ಒಂದು ದರಪಟ್ಟಿ ಬರೆದು ಗೋಡೆಗೆ ಅಂಟಿಸಬಹುದು: ಸಾದಾ ಪೆನ್ನಿಗೆ ಇಷ್ಟು ನಿಮಿಷ, ಇಷ್ಟು ರೂಪಾಯಿ, ಎರಡು ಬಣ್ಣದ ಅರಗಿಗೆ ಇಷ್ಟು ಹೆಚ್ಚು, ಬೀಟೆಗೆ, ಹುಣಸೆಗೆ ಬೇರೆ. ನಿಮಿಷವನ್ನೂ ಬರೆದಿಟ್ಟರೆ ಚೌಕಾಸಿಗೆ ಬಂದವರು ಯಾವ ಹಂತವನ್ನು ಬಿಡಬೇಕೆಂದು ಹೇಳಬೇಕಾಗುತ್ತದೆ. ಸ್ಯಾಂಪಲ್ಲಿಗೂ ಕೂಲಿ ಇರಲಿ. ಹೊಸ ಮಾದರಿಯ ಮೊದಲ ಎರಡು ಪೆನ್ನಿಗೆ ಅರ್ಧ ದಿನವೇ ಹೋಗುತ್ತದೆ. ಅದನ್ನು ಪುಕ್ಕಟೆ ಮಾಡಿಸಿಕೊಂಡು ಆರ್ಡರನ್ನು ಬೇರೆಯವರಿಗೆ ಕೊಡುವ ರೂಢಿ ನಿಲ್ಲಬೇಕು. ಸಣ್ಣ ಆರ್ಡರಿಗೆ ಹೆಚ್ಚು ದರ ಎಂಬುದೂ ಪಟ್ಟಿಯಲ್ಲಿರಲಿ, ಏಕೆಂದರೆ ಐವತ್ತಕ್ಕೆ ಒಮ್ಮೆ ಹೂಡುವ ಬೈರಿಗೆಯನ್ನು ಐದಕ್ಕೂ ಹೂಡಲೇಬೇಕು.

ಕೊಳ್ಳುವ ಕಂಪನಿಗಳ ಕೈಯಲ್ಲಿ ಬಲ ಹೆಚ್ಚಿದೆ. ಆರ್ಡರ್ ಕಾಗದದಲ್ಲಿ ಮರ ಯಾವುದು, ಡಬ್ಬಿಯ ಬಣ್ಣ ಯಾವುದು, ಹೆಸರಿನ ಅಕ್ಷರ ಎಷ್ಟು ದೊಡ್ಡದು ಎಂದೆಲ್ಲ ಬರೆಯುವವರು ಕಡೆದವನಿಗೆ ಪೀಸಿಗೆ ಎಷ್ಟು ಸಂದಾಯವಾಗುತ್ತದೆ ಎಂದು ಇನ್ನೊಂದು ಸಾಲು ಕೇಳಬಹುದು. ಪೂರೈಸುವವರು ಉತ್ತರ ಕೊಡದಿದ್ದರೆ ಬೇರೆ ಪೂರೈಕೆದಾರರನ್ನು ನೋಡಬಹುದು. ಸರ್ಕಾರಿ ಮಳಿಗೆಗಳೂ ಇದೇ ಸಾಲನ್ನು ತಮ್ಮ ಖರೀದಿ ಕಾಗದಕ್ಕೆ ಸೇರಿಸಿದರೆ ಖಾಸಗಿಯವರಿಗೆ ಮಾದರಿ ಸಿಗುತ್ತದೆ. ಕಾರ್ಮಿಕ ಇಲಾಖೆಯ ಮುಂದಿರುವ ಕೆಲಸವೂ ಸ್ಪಷ್ಟ. ವೇತನ ಸಂಹಿತೆಯಡಿ ದರ ಗೊತ್ತು ಮಾಡುವಾಗ ಮರದ ಕಡೆತಕ್ಕೆ ಬೀಡಿಯಂತೆ ತುಂಡು ಲೆಕ್ಕದ ಕನಿಷ್ಠ ಕೂಲಿಯನ್ನು ಸೇರಿಸಬೇಕು. ಮನೆಯಲ್ಲಿ ಕೂತು ಕಡೆಯುವವರು ಅದರ ವ್ಯಾಪ್ತಿಗೆ ಬರುತ್ತಾರೆಂದು ಬಾಯಿಬಿಟ್ಟು ಹೇಳಬೇಕು. ಅದಕ್ಕಾಗಿ ನಡೆಯುವ ಅಳತೆಯ ದಿನ ಅಧಿಕಾರಿಗಳು ಚನ್ನಪಟ್ಟಣದ ಲೇತುಗಳ ಪಕ್ಕದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂರಬೇಕು, ಉಳಿಗೆ ಸಾಣೆ ಹಿಡಿಯುವ ಹೊತ್ತನ್ನೂ ಬರೆದುಕೊಳ್ಳಬೇಕು.